ಪ್ರತಿಮೆಯ ನೆರಳು ಯಾರಿಗೆ?



ಸಕಲೇಶಪುರದ ಘಟ್ಟವಿಳಿದು ಬಂದ ರೈಲು ನಮ್ಮನ್ನು ಮಂಗಳೂರು ಜಂಕ್ಷನ್ನಿನಲ್ಲಿ ಇಳಿಸಿದಾಗ ಬೆಳಗಿನ ಪೂಜೆಯ ಹೊತ್ತಾಗಿತ್ತು. ಹಿಂದೆ ಕಂಕನಾಡಿ ಎಂಬ ಹೆಸರಿದ್ದ ಈ ನಿಲ್ದಾಣ ಇರುವುದು ಪಡೀಲಿನಲ್ಲಿ. ಬಂಟ್ವಾಳದ ಕಡೆಯಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಪಂಪ್‌ವೆಲ್ಲಿನತ್ತಲೂ ಇನ್ನೊಂದು ನಂತೂರಿನತ್ತಲೂ ಸಾಗುತ್ತದೆ. ಜಿಲ್ಲಾಧಿಕಾರಿಗಳ ಕಚೇರಿಯ ಹೊಸ ಸಂಕೀರ್ಣವಾದ 'ಪ್ರಜಾಸೌಧ' 2025ರ ಮೇ ತಿಂಗಳಿನಲ್ಲಿ ಇಲ್ಲಿಯೇ ಉದ್ಘಾಟನೆಗೊಂಡಿತು. ಹೀಗಾಗಿ ಪಡೀಲು ಈಗ ಬರಿಯ ದಾರಿಯ ತಿರುವಲ್ಲ. ಜಿಲ್ಲೆಯ ಜನರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಬಂದುಹೋಗುವ ಸ್ಥಳ.

ನಾವು ಹೋದದ್ದು ಹಾವೇರಿಯ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಒಂದು ಶರಣ ಮನೆತನದ ಗೃಹಪ್ರವೇಶಕ್ಕೆ. ಪೂಜೆ, ಪ್ರಸಾದಗಳು ಮುಗಿದ ತರುವಾಯ ಸುತ್ತಮುತ್ತಲಿನ ಎಂಟು ಹತ್ತು ಮನೆಯವರು ನಡುಮನೆಯಲ್ಲಿ ಕುಳಿತರು. ಮನೆಯ ಹಿರಿಯ ಮಗ ಒಂದು ದೊಡ್ಡ ಕಾಗದವನ್ನು ಬಿಚ್ಚಿ ನಮ್ಮ ಮುಂದೆ ಹರವಿದ. ಅದರಲ್ಲಿ ಎತ್ತರವಾದ ಪೀಠ, ಪೀಠದ ಮೇಲೆ ಕುದುರೆ, ಕುದುರೆಯ ಮೇಲೆ ಅಣ್ಣ ಬಸವಣ್ಣನವರು. ಸುತ್ತ ಕಬ್ಬಿಣದ ಬೇಲಿ.

"ಗುರುಗಳೇ, ಈ ಊರಾಗ ನಮ್ಮ ಮಂದಿ ಭಾಳ ಕಡಿಮಿ ಅದಾರ್ರಿ. ನಾವು ಅದೇವಿ ಅನ್ನೋದು ನಾಲ್ಕು ಮಂದಿಗೆ ಗೊತ್ತಾಗಬೇಕಂದ್ರ ಈ ಜಂಕ್ಷನ್ನಿನಾಗ ಒಂದು ಮೂರ್ತಿ ನಿಲ್ಲಬೇಕ್ರಿ. ನೀವು ನಿಮ್ಮ ಅಂಕಣದಾಗ ಒಂದು ಮಾತು ಬರದ್ರ ದೇಣಿಗಿ ತಾನಾಗೇ ಬರತದ" ಎಂದ.

ಆ ತರುಣನ ಕಣ್ಣಿನಲ್ಲಿದ್ದ ಭಕ್ತಿಯನ್ನು ಕಂಡು ನಮಗೆ ಸಂತೋಷವೇ ಆಯಿತು. ಆದರೂ ಒಮ್ಮೆಲೇ ಹೂಂ ಎನ್ನಲು ನಾಲಗೆ ಏಳಲಿಲ್ಲ. ಸಂಜೆಯವರೆಗೆ ಅವಕಾಶ ಕೊಡಿರೆಂದು ಕೇಳಿಕೊಂಡೆವು. ಹಾಗೆ ಕೇಳಲು ಒಂದು ಕಾರಣವಿತ್ತು. ಅದನ್ನು ಇದುವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತೇವೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಬಯಲುಸೀಮೆಯ ಒಂದು ಊರು, ಹೆಸರು ಬೇಡ. ಅಲ್ಲಿಯ ಭಕ್ತರು ಬಸ್ ನಿಲ್ದಾಣದ ಎದುರಿನ ವೃತ್ತದಲ್ಲಿ ಬಸವಣ್ಣನವರ ಪುತ್ಥಳಿ ನಿಲ್ಲಿಸಬೇಕೆಂದು ಸಂಕಲ್ಪಿಸಿದರು. ನಾವು ಮನೆಮನೆಗೆ ತಿರುಗಿ ಕಾಣಿಕೆ ಕೂಡಿಸಿದೆವು, ಪ್ರವಚನದಲ್ಲಿ ಹುರಿದುಂಬಿಸಿದೆವು. ಆ ವೃತ್ತದ ಮೂಲೆಯ ಬೇವಿನ ಮರದ ಬುಡದಲ್ಲಿ ಒಬ್ಬ ಚಪ್ಪಲಿ ಹೊಲಿಯುವವನು ಕುಳಿತುಕೊಳ್ಳುತ್ತಿದ್ದ. ಅವನ ತಂದೆಯೂ ಅಲ್ಲಿಯೇ ಕುಳಿತಿದ್ದನಂತೆ. ಪೀಠ ಕಟ್ಟಲು ಮರ ಅಡ್ಡಿಯಾಯಿತು, ಕಡಿದರು. ಮರ ಹೋದ ಮೇಲೆ ಅವನೂ ಹೋದ. ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವನ ನೆರಳನ್ನು ಮಾತ್ರ ತೆಗೆದೆವು.

ಅನಾವರಣದ ದಿನ ನಾವು ಮಾತನಾಡಿದ್ದು ಯಾವ ವಿಷಯವನ್ನು ಕುರಿತು ಬಲ್ಲಿರಾ? ಸಮಗಾರ ಹರಳಯ್ಯನವರನ್ನು ಕುರಿತು! ತನ್ನ ಹಾಗೂ ಸತಿಯ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದ ಆ ಶರಣನ ಕಥೆ, ಅವನ್ನು ಮೆಡಲಾರದೆ ತಲೆಯ ಮೇಲೆ ಹೊತ್ತ ಬಸವಣ್ಣನವರ ವಿನಯ. ಜನ ಕಣ್ಣೀರಿಟ್ಟರು. ಆ ಹೊತ್ತಿನಲ್ಲಿ ಊರಿನ ಹರಳಯ್ಯ ತನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಮತ್ತೊಂದು ನೆರಳನ್ನು ಹುಡುಕುತ್ತಿದ್ದ. ಈ ಸಂಗತಿ ನಮ್ಮ ಅರಿವಿಗೆ ಬಂದದ್ದು ಎರಡು ವರ್ಷಗಳ ಮೇಲೆ, ನಮ್ಮ ಪಾದರಕ್ಷೆಯ ಬಾರು ಕಿತ್ತುಹೋಗಿ ಅವನನ್ನು ಹುಡುಕಿದಾಗ. ಆಗ ಆ ವೃತ್ತದಲ್ಲಿ ಕಂಡದ್ದು ಬೀಗ ಹಾಕಿದ ಬೇಲಿ, ಬೇಲಿಯೊಳಗೆ ಬಾಡಿದ ಹಾರ, ಮತ್ತು ಯಾರೂ ಕುಳಿತುಕೊಳ್ಳಲಾಗದ ಬಿಸಿಲು.

ಆ ದಿನದಿಂದ ಯಾವ ಪ್ರತಿಮೆಯನ್ನು ಕಂಡರೂ ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದರ ನೆರಳು ಯಾರಿಗೆ?

ಪಡೀಲಿನಲ್ಲಿ ಅದೇ ಮಧ್ಯಾಹ್ನ ಮನೆಯವರ ಮೊಮ್ಮಗಳನ್ನು ಕರೆದುಕೊಂಡು ಆಟೋದಲ್ಲಿ ಬಾವುಟಗುಡ್ಡೆಗೆ ಹೋದೆವು. ನಂತೂರಿನ ದಾರಿ ಹಿಡಿದರೆ ಮಾರ್ಗದಲ್ಲಿ ಸಿಗುವುದು ಬಿಕರ್ನಕಟ್ಟೆ. ಈ ಎರಡು ಹೆಸರುಗಳಲ್ಲಿ ನಮ್ಮವರು ಮರೆತ ಒಂದು ಇತಿಹಾಸವಿದೆ.

ಕೊಡಗನ್ನು ಆಳುತ್ತಿದ್ದ ಹಾಲೇರಿಯ ಅರಸು ಮನೆತನ ವೀರಶೈವ ಮನೆತನ. 1834ರಲ್ಲಿ ಇಂಗ್ಲಿಷರು ಚಿಕ್ಕ ವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಿತ್ತುಕೊಂಡರು. ಅದರ ಕೆಳಗಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಕಂದಾಯವನ್ನು ಬೆಳೆದ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ರೈತರು ನಗದಾಗಿ ಕೊಡಬೇಕಾಯಿತು. ಬವಣೆಗೊಂಡ ರೈತರು 1837ರಲ್ಲಿ ಎದ್ದು ನಿಂತರು. ಸುಳ್ಯದ ಕಡೆಯ ಕೆದಂಬಾಡಿ ರಾಮಯ್ಯ ಗೌಡರು ಅವರ ಮುಂದಾಳುಗಳಲ್ಲಿ ಒಬ್ಬರು. ಕಲ್ಯಾಣಸ್ವಾಮಿ ಎಂಬ ಹೆಸರನ್ನು ಧರಿಸಿ ಮುಂದೆ ನಿಂತವನು ಪುಟ್ಟಬಸಪ್ಪ. ಆ ಎರಡು ಹೆಸರುಗಳಲ್ಲಿಯೇ ಕಲ್ಯಾಣವೂ ಬಸವನೂ ಕೂಡಿ ಇರುವುದನ್ನು ಓದುಗರು ಗಮನಿಸಬೇಕು. ಆ ವರ್ಷದ ಏಪ್ರಿಲಿನಲ್ಲಿ ಅವರು ಮಂಗಳೂರನ್ನು ಹಿಡಿದು ಗುಡ್ಡದ ಮೇಲೆ ತಮ್ಮ ಬಾವುಟವನ್ನು ಹಾರಿಸಿದರು. ಸುಮಾರು ಎರಡು ವಾರಗಳ ಕಾಲ ಊರು ಅವರದಾಗಿತ್ತು. ಇಂಗ್ಲಿಷರು ಹೊರಗಿನಿಂದ ಸೈನ್ಯ ತರಿಸಿ ದಂಗೆಯನ್ನು ಅಡಗಿಸಿದರು. ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರೆಂದು ಚರಿತ್ರೆ ಹೇಳುತ್ತದೆ.

ಬಾವುಟಗುಡ್ಡೆಯ ಠಾಗೋರ್ ಉದ್ಯಾನದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು 2022ರ ನವೆಂಬರ್ 19ರಂದು ಅಂದಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿಯವರು ಅನಾವರಣ ಮಾಡಿದರು. ನೂರ ಎಂಬತ್ತೈದು ವರ್ಷಗಳ ಕಾಲ ಒಂದು ಗುಡ್ಡದ ಹೆಸರಿನಲ್ಲಿ ಮಾತ್ರ ಉಸಿರಾಡುತ್ತಿದ್ದ ನೆನಪಿಗೆ ಈಗ ಒಂದು ಆಕಾರ ದೊರಕಿದೆ. ನಾವು ಆಟೋದ ಚಾಲಕನನ್ನು ಕೇಳಿದೆವು: "ತಮ್ಮಾ, ಈ ಪ್ರತಿಮೆ ಯಾರದೆಂದು ಗೊತ್ತೇ?"

"ಗೊತ್ತುಂಟು ಸ್ವಾಮಿ, ರಾಮಯ್ಯ ಗೌಡರದ್ದು. ಬ್ರಿಟಿಷರ ಒಟ್ಟಿಗೆ ಯುದ್ಧ ಮಾಡಿದವರು. ಮೊದಲು ನನಗೆ ಅವರ ಹೆಸರು ಸಹ ಗೊತ್ತಿರಲಿಲ್ಲ, ಇದು ಬಂದ ಮೇಲೆ ಮಗನ ಶಾಲೆಯಲ್ಲಿ ಹೇಳಿದ್ರಂತೆ, ಅವ ನನಗೆ ಹೇಳಿದ" ಎಂದ.

ಪ್ರತಿಮೆಯಿಂದ ಆಗಬಹುದಾದ ಉಪಕಾರ ಇದು. ಶಾಲೆಯಿಂದ ಮಗನಿಗೆ, ಮಗನಿಂದ ತಂದೆಗೆ, ತಂದೆಯಿಂದ ಘಟ್ಟದ ಮೇಲಿನಿಂದ ಬಂದ ನಮಗೆ ಮಾತು ಹರಿಯಿತು. ಬಿಕರ್ನಕಟ್ಟೆಯನ್ನು ಕುರಿತು ಕೇಳಿದಾಗ ಮಾತ್ರ ಅವನು ತಲೆಯಲ್ಲಾಡಿಸಿದ. ದಿನಕ್ಕೆ ಹತ್ತು ಬಾರಿ ಆ ದಾರಿಯಲ್ಲಿ ಓಡಾಡುವವನಿಗೆ ಅಲ್ಲಿ ನಡೆದದ್ದು ತಿಳಿಯದು. ನಮ್ಮೊಡನೆ ಇದ್ದ ಬಾಲೆ ಕೇಳಿದಳು: "ಅಜ್ಜಾರ, ಅವರನ್ನ ನೇಣಿಗೆ ಹಾಕಿದ ಜಾಗದಾಗ ಯಾರೂ ಏನೂ ಹೇಳಂಗಿಲ್ಲೇನ್ರಿ?" ನಮ್ಮ ಬಳಿ ಉತ್ತರವಿರಲಿಲ್ಲ. ಪುಟ್ಟಬಸಪ್ಪನ ಕಥೆಯನ್ನು ಮೊದಲು ನಾವೇ ನಮ್ಮ ಮಕ್ಕಳಿಗೆ ಹೇಳಿಲ್ಲ. ಹೀಗಿರುವಾಗ ಊರು ಹೇಳಲಿಲ್ಲವೆಂದು ದೂರುವುದು ಹೇಗೆ?

ಈ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ನೆಲಕ್ಕೆ ಬಯಲಿನಲ್ಲಿ ನಿಂತ ಮೂರ್ತಿಗಳು ಹೊಸತಲ್ಲ. ಕಾರ್ಕಳದ ಬಂಡೆಯ ಮೇಲೆ ಸುಮಾರು 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ. ವೇಣೂರಿನ 35 ಅಡಿಯ ಗೊಮ್ಮಟ 1604ರಲ್ಲಿ. ಛಾವಣಿಯಿಲ್ಲದೆ, ಮಳೆಗಾಲದ ಧಾರಾಕಾರ ಮಳೆಯಲ್ಲಿ, ನಾಲ್ಕು ಆರು ಶತಮಾನಗಳ ಕಾಲ ಈ ಮೂರ್ತಿಗಳು ಊರಿನ ಗುರುತಾಗಿ ಉಳಿದದ್ದು ಕಲ್ಲಿನ ಗಟ್ಟಿತನ ಒಂದರಿಂದಲೇ ಅಲ್ಲ. ಹನ್ನೆರಡು ವರ್ಷಗಳಿಗೊಮ್ಮೆ ಅಟ್ಟಣಿಗೆ ಕಟ್ಟಿ ಮಹಾಮಸ್ತಕಾಭಿಷೇಕ ಮಾಡುವ ಹೊಣೆಯನ್ನು ಒಂದು ಸಮಾಜ ತಲೆತಲಾಂತರದಿಂದ ಹೊತ್ತಿದೆ. ವೇಣೂರಿನಲ್ಲಿ 2012ರಲ್ಲಿ ನಡೆದ ಆ ಮಹೋತ್ಸವ ಮತ್ತೆ 2024ರಲ್ಲಿ ನಡೆಯಿತು. ಅಂದಿನ ದಿನಗಳಲ್ಲಿ ಜೈನರಷ್ಟೇ ಅಲ್ಲ, ಸುತ್ತಣ ಊರುಗಳ ಸರ್ವರೂ ಬೆಟ್ಟದಂಥ ಆ ಮೂರ್ತಿಯ ಪಾದದ ಬಳಿ ಸೇರುತ್ತಾರೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು, ಅವರು ಜೈನರಲ್ಲ. ಒಂದು ಸಮಾಜದ ಆರಾಧ್ಯ ಮೂರ್ತಿಯಲ್ಲಿ ಮತ್ತೊಂದು ಸಮಾಜದವನ ಉಳಿಯ ಏಟುಗಳಿದ್ದರೆ ಆ ಮೂರ್ತಿ ಇಡೀ ನಾಡಿನದಾಗುವುದು ಸುಲಭ.

ಸಂಜೆ ಮತ್ತೆ ಎಲ್ಲರೂ ಸೇರಿದರು. ನಾವು ಮೊದಲು ಬೇವಿನ ಮರದ ಕಥೆಯನ್ನು ಹೇಳಿದೆವು. ಅನಂತರ ಕಾನೂನಿನ ಮಾತನ್ನು ಹೇಳಿದೆವು. 2013ರ ಜನವರಿ 18ರಂದು ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಯ ಬದಿ ಮತ್ತು ಇತರ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಯಾವುದೇ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ನೀಡಕೂಡದೆಂದು ಆದೇಶಿಸಿದೆ. ಪಡೀಲಿನಂಥ ಹೆದ್ದಾರಿಯ ಕೂಡುದಾರಿಯಲ್ಲಿ ಪೀಠ ಕಟ್ಟಿದರೆ ವಾಹನ ಸವಾರರ ಕಣ್ಣಿಗೆ ಮರೆ, ನಡೆಯುವವರ ಕಾಲಿಗೆ ತಡೆ. ನಾಳೆ ಹೆದ್ದಾರಿ ಅಗಲವಾದರೆ ಅಣ್ಣನವರನ್ನು ಕ್ರೇನಿನಿಂದ ಎತ್ತಿ ಬೇರೆಡೆಗೆ ಸಾಗಿಸಬೇಕು. ಅಂಥ ಅವಮಾನಕ್ಕೆ ನಾವೇ ಏಕೆ ದಾರಿ ಮಾಡಿಕೊಡಬೇಕು?

ತರುಣನಿಗೆ ಸಮಾಧಾನವಾಗಲಿಲ್ಲ. "ಹಂಗಾರ ಬಸವಕಲ್ಯಾಣದಾಗ 108 ಅಡಿ ಮೂರ್ತಿ ಐತಲ್ರಿ? ಲಂಡನ್ನಿನಾಗ, ಪಾರ್ಲಿಮೆಂಟಿನಾಗ ಅದಾವಲ್ರಿ? ಅವು ತಪ್ಪೇನ್ರಿ?" ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದು. ನಾವು ಹೇಳಿದೆವು: ತಪ್ಪಲ್ಲ ಮಗು. 2003ರಲ್ಲಿ ಸಂಸತ್ತಿನ ಆವರಣದಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಬಸವಣ್ಣನವರ ಪ್ರತಿಮೆಯನ್ನು ಅನಾವರಣ ಮಾಡಿದಾಗ ಅದು ತನಗೆ ತಕ್ಕ ಸ್ಥಳದಲ್ಲಿಯೇ ನಿಂತಿತು. ಎಲ್ಲರೂ ಕುಳಿತು ಚರ್ಚಿಸುವ ಅನುಭವ ಮಂಟಪವನ್ನು ಕಟ್ಟಿದವರಿಗೆ ಸಂಸತ್ತಿಗಿಂತ ಒಪ್ಪುವ ಸ್ಥಳ ಯಾವುದು? 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣ ಮಾಡಿದ್ದು ಎದೆಮಟ್ಟದ ಮೂರ್ತಿ. ಅದನ್ನು ಅಲ್ಲಿಯ ಆಡಳಿತದ ಒಪ್ಪಿಗೆ ಪಡೆದು, ಜನ ನಡೆದಾಡುವ ದಂಡೆಯಲ್ಲಿ ಇಟ್ಟರು. ಬಸವಕಲ್ಯಾಣವಂತೂ ಶರಣರು ನಡೆದ ನೆಲ. ಆ ಮೂರ್ತಿಗಳಿಗೆಲ್ಲ ತಾವು ಅಲ್ಲಿ ಏಕೆ ಇದ್ದೇವೆಂಬುದಕ್ಕೆ ಉತ್ತರವಿದೆ. ನಿನ್ನ ಚಿತ್ರದ ಮೂರ್ತಿಗೆ ಪಡೀಲಿನಲ್ಲಿ ಇರುವ ಉತ್ತರ 'ನಾವೂ ಇದ್ದೇವೆ' ಎಂಬುದೊಂದೇ. ಅಷ್ಟು ಸಾಲದು.

"ನಾವೂ ಇದ್ದೇವೆ ಅನ್ನೋದು ಸಣ್ಣ ಮಾತೇನ್ರಿ ಗುರುಗಳೇ?" ಎಂದು ಅವನು ಮೆಲ್ಲಗೆ ಕೇಳಿದ. ನಡುಮನೆ ಒಂದು ಕ್ಷಣ ನಿಶ್ಶಬ್ದವಾಯಿತು.

ಇಲ್ಲ, ಅದು ಸಣ್ಣ ಮಾತಲ್ಲ. ಪರಸ್ಥಳದಲ್ಲಿ ನೆಲೆ ನಿಂತ ಕೆಲವೇ ಮನೆಗಳಿಗೆ ತಮ್ಮ ಮಕ್ಕಳು ತಮ್ಮತನವನ್ನು ಮರೆತಾರೆಂಬ ಭಯ ಸಹಜ. ಶಾಲೆಯಲ್ಲಿ ಕೊರಳಿನ ಇಷ್ಟಲಿಂಗವನ್ನು ಕಂಡು ಇದೇನೆಂದು ಗೆಳತಿಯರು ಕೇಳಿದಾಗ ಉತ್ತರಿಸಲು ತಿಳಿಯದೆ ಅಂಗಿಯೊಳಗೆ ಮುಚ್ಚಿಕೊಂಡೆನೆಂದು ಆ ಮೊಮ್ಮಗಳೇ ನಮಗೆ ಹೇಳಿದ್ದಳು. ಈ ನೋವಿಗೆ ಮದ್ದು ಬೇಕು. ಆದರೆ ಹೆದ್ದಾರಿಯ ನಡುವೆ ಕುದುರೆಯ ಮೇಲೆ ಕುಳಿತ ಮೂರ್ತಿ ಆ ಮಗುವಿಗೆ ಉತ್ತರವನ್ನು ಕಲಿಸೀತೇ?

ನಮ್ಮ ಹಿರಿಯರು ಇದಕ್ಕೆ ದಾರಿಯನ್ನು ತೋರಿದ್ದಾರೆ. 1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ ಮಂಜಪ್ಪನವರೂ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲಿಟ್ಟರು. ಮಠ, ಮನೆಗಳ ಒಳಗಿದ್ದ ಸ್ಮರಣೆ ಊರಿನ ನಡುವೆ ಬಂತು. ಅಂದು ಅವರು ಜನರನ್ನು ಕೂಡಿಸಿದರು, ಭಾಷಣ ಮಾಡಿದರು, ಓದಿಸಿದರು. ಇಂದು ನಾಡಿನ ಮೂಲೆಮೂಲೆಯಲ್ಲಿ ನಡೆಯುವ ಬಸವ ಜಯಂತಿಗೆ ಬೀಜ ಬಿದ್ದದ್ದು ಅಲ್ಲಿ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರವನ್ನು ಇರಿಸಬೇಕೆಂದು ಆದೇಶ ಹೊರಡಿಸಿತು. ಅಂದಮೇಲೆ ಅಣ್ಣನವರ ಚಿತ್ರಕ್ಕೆ ಸ್ಥಳವಿಲ್ಲವೆಂಬ ಕೊರತೆ ನಮಗಿಲ್ಲ. ಅವರು ಯಾರು, ಏನು ಮಾಡಿದರು ಎಂಬುದನ್ನು ಕೇಳಿದವರಿಗೆ ತಿಳಿಯಹೇಳುವ ನಾಲಗೆಯ ಕೊರತೆಯಿದೆ.

ಸ್ಥಾವರ, ಜಂಗಮಗಳ ವಿವೇಕವನ್ನು ಶರಣರು ನಮಗೆ ಕೊಟ್ಟುಹೋಗಿದ್ದಾರೆ. ಕೆಲವರು ಅದನ್ನು ಹಿಡಿದು ಕಲ್ಲು, ಬಣ್ಣ, ಕಂಚುಗಳೆಲ್ಲ ವ್ಯರ್ಥವೆಂದು ವಾದಿಸುತ್ತಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ಕಣ್ಣಿಗೆ ಕಂಡದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಬಾವುಟಗುಡ್ಡೆಯ ಪ್ರತಿಮೆಯಿಂದ ಒಬ್ಬ ಬಾಲಕ ತನ್ನ ತಂದೆಗೆ ಪಾಠ ಹೇಳಿದ್ದನ್ನು ನಾವೇ ಕೇಳಿದೆವು. ಆದರೆ ಸ್ಥಾವರವು ಜಂಗಮವನ್ನು ಎಬ್ಬಿಸಬೇಕು, ಅದನ್ನು ಓಡಿಸಬಾರದು. ಬಯಲುಸೀಮೆಯ ಆ ವೃತ್ತದಲ್ಲಿ ನಾವು ಮಾಡಿದ್ದು ಎರಡನೆಯದು. ಊರಿನಲ್ಲಿ ನಿಲ್ಲುವ ಯಾವ ಕಲಾಕೃತಿಯೇ ಆಗಲಿ, ಅಲ್ಲಿ ಮೊದಲಿನಿಂದ ಕುಳಿತವನಿಗೆ ಇನ್ನಷ್ಟು ಹಿತವಾದ ಸ್ಥಳವನ್ನು ಮಾಡಿಕೊಟ್ಟರೆ ಅದು ಊರಿನದಾಗುತ್ತದೆ. ಅವನನ್ನು ಎಬ್ಬಿಸಿ ತಾನು ಕುಳಿತರೆ ಅದು ಗೆದ್ದವರ ಧ್ವಜ ಮಾತ್ರ.

ಆಗ ಅದುವರೆಗೆ ಬಾಗಿಲ ಬಳಿ ಕುಳಿತು ಕೇಳುತ್ತಿದ್ದ ಮನೆಯ ಹಿರಿಯ ತಾಯಿ ಮಾತನಾಡಿದರು: "ನಮ್ಮ ಮನೀ ಕಂಪೌಂಡಿನ ಗ್ವಾಡಿ ರಸ್ತೆಕಡೆ ಮೂವತ್ತು ಅಡಿ ಐತ್ರಿ. ಖಾಲಿ ಬಿದ್ದದ. ಮಂದಿ ಪೋಸ್ಟರ್ ಹಚ್ಚತಾರ. ಅದರ ಮ್ಯಾಲೆ ಚಿತ್ರಾ ಬರಸಬಾರದೇನ್ರಿ? ಮೂರ್ತಿಗೆ ಕೂಡಿಸಬೇಕಂದಿದ್ದ ರೊಕ್ಕದಾಗ ಎದುರಿಗೆ ಎರಡು ಕಲ್ಲಿನ ಕಟ್ಟೀನೂ ಆಗತಾವ."

ಇದಕ್ಕಿಂತ ಮಿಗಿಲಾದ ಪರಿಹಾರ ನಮ್ಮ ಪಾಂಡಿತ್ಯಕ್ಕೆ ಹೊಳೆದಿರಲಿಲ್ಲ. ತಮ್ಮದೇ ಗೋಡೆ; ರಸ್ತೆಗೆ ಅಡ್ಡಿಯಿಲ್ಲ, ಕಾನೂನಿಗೆ ವಿರೋಧವಿಲ್ಲ. ಕಟ್ಟೆಗಳನ್ನೂ ಗೇಟಿನ ಒಳಬದಿಗೆ ಸರಿಸಿ, ತಮ್ಮ ನೆಲದಲ್ಲಿಯೇ ಕಟ್ಟಿ, ಹಗಲು ಹೊತ್ತು ಗೇಟು ತೆರೆದಿಡುವುದೆಂದು ನಿಶ್ಚಯವಾಯಿತು. ಗೋಡೆಯ ಮೇಲೆ ಯಾರ ಚಿತ್ರ ಎಂಬ ಚರ್ಚೆ ನಡೆಯಿತು. ನಾವು ಒಂದು ಸೂಚನೆಯನ್ನಿತ್ತೆವು: ಒಬ್ಬರೇ ಬೇಡ, ಅನುಭವ ಮಂಟಪದ ಕಾಯಕಜೀವಿಗಳ ಸಾಲು ಇರಲಿ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಹೊರುವ ಮೋಳಿಗೆಯ ಮಾರಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಚರ್ಮ ಹದ ಮಾಡುವ ಹರಳಯ್ಯ. ಅವರ ನಡುವೆ, ಅವರಷ್ಟೇ ಎತ್ತರದಲ್ಲಿ, ನೆಲದ ಮೇಲೆ ಕುಳಿತು ಕೇಳುತ್ತಿರುವ ಬಸವಣ್ಣ. ಸಮುದ್ರವೂ ನದಿಗಳೂ ಇರುವ ಈ ಊರಿನಲ್ಲಿ ಹುಟ್ಟು ಹಾಕುವ ಚೌಡಯ್ಯನನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೀನುಗಾರ ನೋಡಿದರೂ ಇವನು ನಮ್ಮವನು ಎಂದಾನು. ನಮ್ಮವರ ಗುರುತನ್ನು ಹೀಗೆ ಮತ್ತೊಬ್ಬರ ಗುರುತಿನೊಡನೆ ಕೂಡಿಸಿ ತೋರಿಸಬಹುದಲ್ಲವೇ? ಕೊನೆಯ ತುದಿಯಲ್ಲಿ ಬಿಕರ್ನಕಟ್ಟೆಯ ಪುಟ್ಟಬಸಪ್ಪನಿಗೂ ಒಂದು ಸ್ಥಳವಿರಲೆಂದು ಆ ಬಾಲೆ ಹಟ ಹಿಡಿದಳು; ಎಲ್ಲರೂ ಒಪ್ಪಿದರು.

ತರುಣನು ಪೂರ್ಣವಾಗಿ ಒಪ್ಪಿದನೆಂದು ಹೇಳಲಾರೆವು. ಕಾಗದವನ್ನು ಸುರುಳಿ ಸುತ್ತಿ ಅಟ್ಟದ ಮೇಲಿಟ್ಟ, ಹರಿದು ಹಾಕಲಿಲ್ಲ. ಆದರೆ ಚಿತ್ರ ಬರೆಯಲು ಸ್ಥಳೀಯ ಕಲಾವಿದರನ್ನೇ ಕರೆಯುವುದೆಂದೂ, ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಪಾಚಿ ತೊಳೆದು ಬಣ್ಣ ತುಂಬುವ ಕಾಯಕ ತನ್ನದೆಂದೂ ಅವನೇ ಹೇಳಿದ. ಕರಾವಳಿಯ ಮಳೆಗೆ ಗೋಡೆಯ ಬಣ್ಣ ಬಹುಕಾಲ ನಿಲ್ಲದು. ಅದು ದೋಷವಲ್ಲ. ವರ್ಷಕ್ಕೊಮ್ಮೆ ಕೈ ಹಚ್ಚಲೇಬೇಕಾದ ಚಿತ್ರವನ್ನು ಮರೆಯುವುದು ಕಷ್ಟ.

ನಮ್ಮ ಓದುಗ ಕುಟುಂಬಗಳಲ್ಲಿಯೂ ಅನೇಕರು ಪ್ರತಿಮೆ, ಮಹಾದ್ವಾರ, ವೃತ್ತಗಳ ಯೋಜನೆಯಲ್ಲಿ ತೊಡಗಿರಬಹುದು. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ಹಣ ಕೂಡಿಸುವ ಮುನ್ನ ಆ ಸ್ಥಳಕ್ಕೆ ಹೋಗಿ ಒಂದು ಹಗಲು ಕುಳಿತುಕೊಳ್ಳಿರಿ. ಅಲ್ಲಿ ಯಾರು ಹೂವು ಮಾರುತ್ತಾರೆ, ಯಾರು ಬಸ್ಸಿಗೆ ಕಾಯುತ್ತಾರೆ, ಯಾರು ಚಪ್ಪಲಿ ಹೊಲಿಯುತ್ತಾರೆ ಎಂಬುದನ್ನು ನೋಡಿರಿ. ಅವರನ್ನು ಮಾತನಾಡಿಸಿರಿ. ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಅನಾವರಣದ ಮರುದಿನ ಕಸ ಗುಡಿಸುವವರು ಯಾರು, ಹತ್ತು ವರ್ಷಗಳ ಮೇಲೆ ಬಂದ ಮಗು ಇದು ಯಾರೆಂದು ಕೇಳಿದರೆ ಹೇಳುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿರಿ. ಇವಕ್ಕೆ ಉತ್ತರ ದೊರೆತರೆ ಧಾರಾಳವಾಗಿ ಕೆಲಸವನ್ನು ಆರಂಭಿಸಿರಿ.

ರಾತ್ರಿ ರೈಲು ಹತ್ತಲು ನಿಲ್ದಾಣಕ್ಕೆ ಬಂದಾಗ ಮೊಮ್ಮಗಳು ನಮ್ಮ ಕೈಹಿಡಿದು ಕೇಳಿದಳು: "ಅಜ್ಜಾರ, ಆ ಬೇವಿನ ಗಿಡದ ಮುತ್ಯಾ ಆಮ್ಯಾಲೆ ಎಲ್ಲಿ ಹೋದ್ರು?" ನಮಗೆ ಗೊತ್ತಿಲ್ಲವೆಂದೆವು. ಮತ್ತೆ ಎರಡು ಬಾರಿ ಆ ಊರಿಗೆ ಹೋಗಿ ವಿಚಾರಿಸಿದ್ದುಂಟು, ತಿಳಿದವರು ಸಿಗಲಿಲ್ಲ. ಪಡೀಲಿನ ಗೇಟಿನೊಳಗಿನ ಕಟ್ಟೆಯ ಪಕ್ಕದಲ್ಲಿ ಒಂದು ಬೇವಿನ ಸಸಿಯನ್ನು ನೆಡಿರೆಂದು ಮನೆಯವರಿಗೆ ಹೇಳಿ ಬಂದಿದ್ದೇವೆ. ಅದರ ಖರ್ಚು ನಮ್ಮದು.